ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಒಂದು ಟೆಸ್ಟ್ ಬಾಕಿ!

ಜೆ.ಪಿ. ನಗರದಿಂದ ಒಂದು ಪತ್ರ ಬಂದಿತ್ತು. ಮಗಳ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ, ಅಚ್ಚುಕಟ್ಟಾದ ಅಕ್ಷರ. ಕೆಳಗೆ ಹೆಸರಿಲ್ಲ, ಮೊಬೈಲ್ ನಂಬರ್ ಮಾತ್ರ. ಅದರ ಪಕ್ಕದಲ್ಲಿ ಒಂದು ಸಾಲು: ‘ಮಧ್ಯಾಹ್ನ ಎರಡರಿಂದ ಮೂರರ ಒಳಗೆ ಫೋನ್ ಮಾಡಿ ಮೇಡಂ, ಆಗ ನಮ್ಮತ್ತೆ ಮಲಗಿರ್ತಾರೆ.’

ಅವರಿಗೆ 44 ವರ್ಷ. ಯಜಮಾನರು 2010ರಲ್ಲಿ ತೀರಿಕೊಂಡರು. ನೆಂಟರಿಷ್ಟರಿಗೆಲ್ಲ ಟಿಬಿ ಅಂತ ಹೇಳಿದ್ದಾರೆ. ಅದು ಸುಳ್ಳಲ್ಲ, ಟಿಬಿ ಇತ್ತು. ಅದರ ಹಿಂದೆ ಎಚ್‌ಐವಿ ಇತ್ತು ಅನ್ನುವುದು ಮಾತ್ರ ಮೈಸೂರಿನಲ್ಲಿರುವ ಅಕ್ಕನ ಹೊರತು ಯಾರಿಗೂ ಗೊತ್ತಿಲ್ಲ. ಆಗಲೇ ಇವರಿಗೂ ಟೆಸ್ಟ್ ಆಯಿತು, ಪಾಸಿಟಿವ್ ಬಂತು. ಆಗ ಪುಟ್ಟವಳಿದ್ದ ಮಗಳಿಗೆ ಪುಣ್ಯಕ್ಕೆ ನೆಗೆಟಿವ್. ಅಂದಿನಿಂದ ಸರ್ಕಾರಿ ಎಆರ್‌ಟಿ ಕೇಂದ್ರದ ಮಾತ್ರೆ ತಪ್ಪಿಸಿಲ್ಲ. ಈಗ ರಾತ್ರಿಗೆ ಒಂದೇ ಮಾತ್ರೆ, ಅತ್ತೆಯ ಲೆಕ್ಕದಲ್ಲಿ ಅದು ಥೈರಾಯ್ಡ್ ಮಾತ್ರೆ. ವೈರಲ್ ಲೋಡ್ ರಿಪೋರ್ಟ್‌ನಲ್ಲಿ ವರ್ಷ ವರ್ಷವೂ ‘ಪತ್ತೆಯಾಗಿಲ್ಲ’ ಅಂತಲೇ ಬರುತ್ತದೆ.

ಪತ್ರ ಬರೆದ ಕಾರಣ ಬೇರೆ. ಓರಗಿತ್ತಿಯ ಬಲವಂತಕ್ಕೆ ಇಬ್ಬರೂ ಜಯನಗರದ ಒಂದು ಲ್ಯಾಬಿನಲ್ಲಿ ಮಹಿಳಾ ದಿನಾಚರಣೆಯ ಆಫರ್ ಪ್ಯಾಕೇಜ್ ಮಾಡಿಸಿದರಂತೆ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ವಿಟಮಿನ್ ಡಿ, ಜೊತೆಗೆ ‘ಕ್ಯಾನ್ಸರ್ ಮಾರ್ಕರ್’ ಎಂಬ ಪಟ್ಟಿಯಲ್ಲಿ ನಾಲ್ಕು ಟೆಸ್ಟ್: ಸಿಎ-125, ಸಿಎ 15-3, ಸಿಇಎ, ಎಎಫ್‌ಪಿ. ನಾಲ್ಕರ ಮುಂದೂ ‘ನಾರ್ಮಲ್’. ‘ಎಚ್‌ಐವಿ ಇರೋರಿಗೆ ಕ್ಯಾನ್ಸರ್ ಜಾಸ್ತಿ ಅಂತ ಎಲ್ಲೋ ಓದಿದ್ದೆ. ಅದಕ್ಕೇ ಈ ಪ್ಯಾಕೇಜ್‌ಗೆ ಒಪ್ಪಿದ್ದು. ಇನ್ನು ನಾನು ನಿಶ್ಚಿಂತೆಯಾಗಿ ಇರಬಹುದಲ್ವಾ ಮೇಡಂ?’

ಇರಬಹುದು ಅಂತ ಬರೆದು ಮುಗಿಸುವುದು ಸುಲಭವಿತ್ತು. ಆದರೆ ಅದು ನಿಜವಲ್ಲ. ಅವರಿಗೆ ಯಾವ ಕ್ಯಾನ್ಸರ್ ಬರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚೋ, ಯಾವುದನ್ನು ಬರುವ ಮೊದಲೇ ಹಿಡಿಯಬಹುದೋ, ಅದರ ಟೆಸ್ಟ್ ಆ ನಾಲ್ಕರಲ್ಲಿ ಇರಲೇ ಇಲ್ಲ. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಸೀದ ವಾಸನೆ ಯಾರ ಮನೆಯದು?

ಮೊದಲು ಈ ಮಾರ್ಕರ್ ಅಂದರೇನು ನೋಡೋಣ. ಬಯೋಮಾರ್ಕರ್ ಎಂದರೆ ಜೈವಿಕ ಸೂಚಕ. ದೇಹದೊಳಗೆ ಏನೋ ನಡೆಯುತ್ತಿದೆ ಎಂದು ರಕ್ತದಲ್ಲೋ ಜೀವಕೋಶದಲ್ಲೋ ಕಾಣಿಸುವ ಗುರುತು. ನೀವು ಹಾಲ್‌ನಲ್ಲಿ ಕೂತಿದ್ದೀರಿ, ಸೀದ ವಾಸನೆ ಬಂತು ಅಂದುಕೊಳ್ಳಿ. ನಿಮ್ಮ ಸಾರೇ ಸೀದಿರಬಹುದು, ಪಕ್ಕದ ಮನೆಯವರ ಪಲ್ಯವೂ ಇರಬಹುದು. ಹಾಗೆಯೇ, ವಾಸನೆ ಬರುತ್ತಿಲ್ಲ ಎಂದ ಮಾತ್ರಕ್ಕೆ ಒಲೆ ಆರಿಸಿದ್ದೀರಿ ಎಂದೂ ಅರ್ಥವಲ್ಲ.

ಸಿಎ-125 ಇಂಥದ್ದೇ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಏರುತ್ತದೆ, ನಿಜ. ಆದರೆ ಮುಟ್ಟಿನ ದಿನಗಳಲ್ಲೂ, ಗರ್ಭಿಣಿಯರಲ್ಲೂ, ಫೈಬ್ರಾಯ್ಡ್ ಇದ್ದರೂ ಏರಬಹುದು. ಹೊಟ್ಟೆಯ ಟಿಬಿ ಇದ್ದರಂತೂ ಚೆನ್ನಾಗಿಯೇ ಏರುತ್ತದೆ. ಎಚ್‌ಐವಿ ಇರುವವರಲ್ಲಿ ಟಿಬಿ ಹೆಚ್ಚು, ಹಾಗಾಗಿ ಅವರಿಗೆ ಸುಮ್ಮನೆ ಗಾಬರಿ ಹುಟ್ಟಿಸುವ ಸಾಧ್ಯತೆಯೂ ಹೆಚ್ಚು. ಸಿಇಎ ಬೀಡಿ ಸಿಗರೇಟು ಸೇದುವವರಲ್ಲೂ ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಸಿ ಸಿಎ-125 ಮತ್ತು ಸ್ಕ್ಯಾನಿಂಗ್‌ನಿಂದ ಅಂಡಾಶಯದ ಕ್ಯಾನ್ಸರ್ ಸಾವು ತಪ್ಪುತ್ತದೆಯೇ ಎಂದು ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಸಾವಿನ ಸಂಖ್ಯೆ ಕಡಿಮೆಯಾಗಲಿಲ್ಲ.

ಹಾಗಂತ ಈ ಟೆಸ್ಟ್‌ಗಳು ದಂಡ ಅಂತಲ್ಲ. ಕ್ಯಾನ್ಸರ್ ಇದೆ ಎಂದು ಗೊತ್ತಾದವರಿಗೆ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈದ್ಯರಿಗೆ ಬಹಳ ಉಪಯೋಗ. ಏನೂ ತೊಂದರೆಯಿಲ್ಲದ ಗೃಹಿಣಿಯೊಬ್ಬರು ಆಫರ್ ಇದೆ ಎಂದು ಮಾಡಿಸಿಕೊಳ್ಳುವುದಕ್ಕೆ ಮಾಡಿದ್ದಲ್ಲ, ಅಷ್ಟೆ. ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್‌ನಲ್ಲಿ ಒಂದು ಒಳ್ಳೆಯ ಕಾಟನ್ ಸೀರೆ ತಗೊಂಡಿದ್ದರೂ ಆಗುತ್ತಿತ್ತು.

ಒಂದೇ ವರ್ಷ, ಎರಡು ವೈರಸ್

ಹಾಗಾದರೆ ಎಚ್‌ಐವಿ ಇರುವ ಮಹಿಳೆ ಯಾವುದಕ್ಕೆ ಎಚ್ಚರವಾಗಿರಬೇಕು? ಗರ್ಭಕಂಠದ ಕ್ಯಾನ್ಸರ್‌ಗೆ. ಗರ್ಭಕೋಶದ ಕೊರಳು ಅನ್ನುತ್ತಾರಲ್ಲ, ಅಲ್ಲಿ ಬರುವುದು. ಎಚ್‌ಐವಿ ಇರುವ ಮಹಿಳೆಯರಿಗೆ ಇದು ಬರುವ ಅಪಾಯ ಉಳಿದವರಿಗಿಂತ ಆರು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕ 1993ರಲ್ಲೇ ಇದನ್ನು ಏಡ್ಸ್ ಜೊತೆಗೆ ಗುರುತಿಸುವ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು.

ಇದಕ್ಕೆ ಕಾರಣ ಇನ್ನೊಂದು ವೈರಸ್, ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಎಚ್‌ಐವಿ ಕಂಡುಹಿಡಿದ ಫ್ರಾನ್ಸಿನ ಇಬ್ಬರಿಗೆ ಹೋಯಿತು. ಉಳಿದರ್ಧ, ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ಕಾರಣ ಎಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ. ಬೇರೆ ಬೇರೆ ಸಂಶೋಧನೆ, ಒಂದೇ ವೇದಿಕೆ. ನಮ್ಮ ಪತ್ರದ ಗೆಳತಿಯಂಥವರ ದೇಹದಲ್ಲಿ ಆ ಎರಡೂ ಭೇಟಿಯಾಗುತ್ತವೆ.

ಎಚ್‌ಪಿವಿ ಅಪರೂಪದ್ದಲ್ಲ. ಮದುವೆಯಾದ ಬಹುಪಾಲು ಹೆಂಗಸರಿಗೆ ಒಂದಲ್ಲ ಒಂದು ಕಾಲಕ್ಕೆ ಅಂಟಿರುತ್ತದೆ, ಗಂಡಸರಿಗೂ ಅಂಟಿರುತ್ತದೆ. ಅದಕ್ಕೂ ನಡತೆಗೂ ತಳುಕು ಹಾಕಬೇಡಿ. ದೇಹದ ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೊರಟುಹೋಗುತ್ತದೆ. ಹೋಗದೆ ಉಳಿದುಕೊಂಡರೆ ಕೊರಳಿನ ಜೀವಕೋಶಗಳು ನಿಧಾನವಾಗಿ ಕೆಡುತ್ತವೆ. ಸಾಮಾನ್ಯರಲ್ಲಿ ಅದು ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಬೇಕು. ನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು. ಅಂದರೆ ಹಿಡಿಯುವುದಕ್ಕೆ ಸಮಯವಿದೆ, ಆದರೆ ಉಳಿದವರಿಗಿದ್ದಷ್ಟು ಇಲ್ಲ.

‘ನನ್ನ ವೈರಲ್ ಲೋಡ್ ಕಾಣಿಸ್ತಾನೇ ಇಲ್ಲವಲ್ಲ’ ಅಂತ ಅವರು ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಅಪಾಯ ಖಂಡಿತ ಇಳಿಯುತ್ತದೆ. ಆದರೆ ಮಾತ್ರೆ ಶುರುವಾಗುವ ಮೊದಲು ಶಕ್ತಿ ಕುಂದಿದ್ದ ಕಾಲದಲ್ಲಿ ಎಚ್‌ಪಿವಿ ಒಳಗೆ ಬೇರು ಬಿಟ್ಟಿರಬಹುದು. ಎಆರ್‌ಟಿ ಮಾತ್ರೆ ಎಚ್‌ಐವಿಗೆ ಮದ್ದು, ಎಚ್‌ಪಿವಿಗೆ ಅಲ್ಲ.

ನನಗೆ ಬೇಸರವಾದದ್ದು ಇನ್ನೊಂದಕ್ಕೆ. ಇಷ್ಟು ವರ್ಷ ಮಾತ್ರೆಗೆ ಓಡಾಡಿದ್ದಾರೆ, ಮುಟ್ಟಿನ ತೊಂದರೆಗೆ ಮನೆ ಹತ್ತಿರದ ಸ್ತ್ರೀರೋಗ ತಜ್ಞರ ಬಳಿಯೂ ಎರಡು ಸಲ ಹೋಗಿದ್ದಾರೆ. ‘ಗರ್ಭಕಂಠದ ಟೆಸ್ಟ್ ಆಗಿದೆಯೇನಮ್ಮ’ ಎಂದು ಯಾರೂ ಕೇಳಿಲ್ಲ. ಸ್ತ್ರೀರೋಗ ತಜ್ಞರಿಗೆ ಎಚ್‌ಐವಿ ವಿಷಯ ಇವರು ಹೇಳಿಲ್ಲ. ಹೇಳಿದರೆ ಆ ಕ್ಲಿನಿಕ್ಕಿನ ಆಯಾ ಮೂಲಕ ಬೀದಿಗೆಲ್ಲ ತಿಳಿಯುತ್ತದೆ ಎಂಬ ಭಯ. ಆ ಭಯ ಸುಳ್ಳು ಎನ್ನಲು ನನಗೆ ಧೈರ್ಯವಿಲ್ಲ.

ಯಾವ ಟೆಸ್ಟ್, ಎಷ್ಟು ವರ್ಷಕ್ಕೊಮ್ಮೆ?

ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ. ನಂಬಬಹುದಾದ ಮೊದಲ ಸೂಚಕ ರಕ್ತದಲ್ಲಿಲ್ಲ, ಗರ್ಭಕಂಠದಲ್ಲೇ ಇದೆ. ಅದು ಎಚ್‌ಪಿವಿ ಡಿಎನ್‌ಎ. ಸಣ್ಣ ಬ್ರಷ್‌ನಿಂದ ಅಲ್ಲಿಯ ದ್ರವ ತೆಗೆದು ಲ್ಯಾಬಿಗೆ ಕಳಿಸಿ, ಅಪಾಯಕಾರಿ ಬಗೆಯ ವೈರಸ್ ಇದೆಯೇ ನೋಡುತ್ತಾರೆ. ನೂರಾರು ಬಗೆಗಳಲ್ಲಿ ಕ್ಯಾನ್ಸರ್ ತರುವಂಥವು ಹದಿನಾಲ್ಕರಷ್ಟು, ಅದರಲ್ಲೂ 16 ಮತ್ತು 18ನೇ ಬಗೆಗಳೇ ಮುಖ್ಯ ಕಳ್ಳರು. ನಾಚಿಕೆ ಇರುವವರು ಬ್ರಷ್ ತಾವೇ ಬಳಸಿ ಮಾದರಿ ತೆಗೆಯುವ ವಿಧಾನವನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ಈ ಟೆಸ್ಟ್‌ನ ಬೆಲೆ ಜಗತ್ತಿಗೆ ತಿಳಿಸಿಕೊಟ್ಟವರು ನಮ್ಮ ಪಕ್ಕದ ಮಹಾರಾಷ್ಟ್ರದ ಹಳ್ಳಿ ಹೆಂಗಸರು. ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.3 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿ ಚಿಕಿತ್ಸೆ ಕೊಟ್ಟಿದ್ದಕ್ಕೆ, ಎಂಟು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಸಿಎ-125 ಕಥೆ ಜೊತೆ ಹೋಲಿಸಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಲೆಕ್ಕ ಹೀಗಿದೆ. ಎಚ್‌ಐವಿ ಇಲ್ಲದ ಮಹಿಳೆ 30ರಿಂದ ಶುರುಮಾಡಿ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಟೆಸ್ಟ್ ಮಾಡಿಸಿದರೆ ಸಾಕು. ಎಚ್‌ಐವಿ ಇರುವವರು 25ಕ್ಕೇ ಶುರುಮಾಡಿ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು. ಎಚ್‌ಪಿವಿ ಟೆಸ್ಟ್ ಕೈಗೆ ಎಟುಕದಿದ್ದರೆ ಪ್ಯಾಪ್ ಸ್ಮಿಯರ್ ಇದೆ, ವಿಐಎ ಇದೆ. ವಿಐಎ ಅಂದರೆ ನಮ್ಮ ಅಡುಗೆಮನೆಯ ವಿನೆಗರ್ ಇದೆಯಲ್ಲ, ಅದೇ ಅಸಿಟಿಕ್ ಆಮ್ಲವನ್ನು ತೆಳುವಾಗಿ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಬೆಳ್ಳಗಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ಇದೇ ವಿಐಎ. ಮುಟ್ಟು ನಿಂತವರಲ್ಲಿ ಮಾತ್ರ ಇದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ.

ಎಚ್‌ಐವಿ ಇರುವವರಲ್ಲಿ ಒಂದು ತೊಡಕಿದೆ. ಎಚ್‌ಪಿವಿ ಅವರಲ್ಲಿ ತುಂಬಾ ಜನಕ್ಕೆ ಪಾಸಿಟಿವ್ ಬರುತ್ತದೆ, ಆದರೆ ಅಷ್ಟೂ ಜನರಿಗೆ ಕೆಟ್ಟ ಜೀವಕೋಶ ಇರುವುದಿಲ್ಲ. ಹಾಗಾಗಿ ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಡಿ. ಪಾಸಿಟಿವ್ ಬಂದವರಲ್ಲಿ ಯಾರಿಗೆ ಚಿಕಿತ್ಸೆ ಬೇಕು ಎಂದು ಬೇರ್ಪಡಿಸಲು ಎರಡನೇ ಟೆಸ್ಟ್ ಬೇಕು. ಇಲ್ಲಿ ಬರುವುದೇ ಹೊಸ ಕಾಲದ ಬಯೋಮಾರ್ಕರ್‌ಗಳು. ವೈರಸ್ ಜೀವಕೋಶದ ಬ್ರೇಕ್ ಕಿತ್ತುಹಾಕಿದಾಗ ಪಿ16 ಎಂಬ ಪ್ರೋಟೀನ್ ಏರುತ್ತದೆ. ಜೀವಕೋಶ ಎಡೆಬಿಡದೆ ಹೆಚ್ಚುತ್ತಿದ್ದರೆ ಕೆಐ-67 ಎಂಬುದು ಕಾಣುತ್ತದೆ. ಒಂದೇ ಜೀವಕೋಶದಲ್ಲಿ ಒಂದು ಕಂದು ಬಣ್ಣ, ಇನ್ನೊಂದು ಕೆಂಪು ಬಣ್ಣ ಕಾಣಿಸಿತೆಂದರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಅಮೆರಿಕದಲ್ಲಿ ಈ ಜೋಡಿ ಬಣ್ಣದ ಟೆಸ್ಟ್‌ಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಬಯಾಪ್ಸಿ ತುಣುಕು ನೋಡುವಾಗ ಅನುಮಾನ ಬಂದರೆ ಪೆಥಾಲಜಿ ವೈದ್ಯರು ಪಿ16 ಬಣ್ಣ ಹಾಕಿ ಖಚಿತ ಮಾಡಿಕೊಳ್ಳುತ್ತಾರೆ. ಡಿಎನ್‌ಎ ಮೇಲೆ ಅಂಟಿಕೊಳ್ಳುವ ಮಿಥೈಲ್ ಗುರುತುಗಳನ್ನು ನೋಡುವ ಟೆಸ್ಟ್ ಬಗ್ಗೆಯೂ ಸಂಶೋಧನೆ ಜೋರಾಗಿ ನಡೆದಿದೆ.

ನಮ್ಮೂರಿನವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಬ್ಯಾಟರಿ ಯಂತ್ರ ಟಿಬಿ ಪತ್ತೆಗೆ ಹೆಸರಾಯಿತು. ಅದೇ ಯಂತ್ರದಲ್ಲಿ ಹಾಕುವ ಎಚ್‌ಪಿವಿ ಚಿಪ್ ಕೂಡ ತಯಾರಾಗಿ, 2025ರಲ್ಲಿ ಸರ್ಕಾರಿ ಸಂಸ್ಥೆಗಳ ಮೌಲ್ಯಮಾಪನ ದಾಟಿದೆ. ದೊಡ್ಡ ಲ್ಯಾಬ್ ಇಲ್ಲದ ಊರುಗಳಿಗೂ ಇದು ಹೋದರೆ ಎಷ್ಟು ಚೆನ್ನ.

ಸುಳ್ಳು ಬೆನ್ನು ನೋವು

ಮತ್ತೆ ನಮ್ಮ ಗೆಳತಿಯ ವಿಷಯಕ್ಕೆ ಬರೋಣ. ಎರಡು ಮಧ್ಯಾಹ್ನ ಮಾತಾಡಿದ ಮೇಲೆ ಟೆಸ್ಟ್‌ಗೆ ಒಪ್ಪಿದರು. ಮೊದಲು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಯ ಹತ್ತಿರವೇ ಕೇಳಿ ಎಂದೆ. ಅವರಿಗೆ ವಿಷಯ ಗೊತ್ತೇ ಇದೆ, ಹೊಸದಾಗಿ ಯಾರಿಗೂ ಬಾಯಿ ಬಿಡಬೇಕಾಗಿಲ್ಲ. ಆಕೆ ಒಂದು ಚೀಟಿ ಬರೆದು ಆಸ್ಪತ್ರೆಗೆ ಕಳಿಸಿದರು. ಮಾದರಿ ತೆಗೆಯುವುದು ಐದು ನಿಮಿಷದ ಕೆಲಸ. ‘ನೋವಿಲ್ಲ ಮೇಡಂ, ಮುಜುಗರ ಅಷ್ಟೆ. ಹೆರಿಗೆ ಆದೋರಿಗೆ ಇದೇನು ಮಹಾ’ ಅಂದರು.

ಎಚ್‌ಪಿವಿ ಪಾಸಿಟಿವ್, ಅದೂ 16ನೇ ಬಗೆ. ಕಾಲ್ಪೊಸ್ಕೋಪಿಯಲ್ಲಿ, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಿಯಂಥ ಯಂತ್ರದಲ್ಲಿ ನೋಡಿದಾಗ ಬಿಳಿ ಮಚ್ಚೆ. ತುಣುಕು ತೆಗೆದು ಪರೀಕ್ಷಿಸಿದರೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಹಿಂದಿನ ಮೆಟ್ಟಿಲು. ಪ್ಯಾಕೇಜ್ ರಿಪೋರ್ಟ್ ನಂಬಿ ಸುಮ್ಮನಿದ್ದಿದ್ದರೆ ಮುಂದಿನ ಮೆಟ್ಟಿಲು ಯಾವಾಗ ಹತ್ತುತ್ತಿತ್ತೋ ಹೇಳುವವರಾರು? ಸಿಎ-125 ಆಗಲೂ ನಾರ್ಮಲ್ ಅಂತಲೇ ತೋರಿಸುತ್ತಿತ್ತೇನೋ.

ಚಿಕಿತ್ಸೆಗೆ ಲೀಪ್ ಎನ್ನುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಿದ್ಯುತ್ ತಂತಿಯ ಕುಣಿಕೆಯಿಂದ ಕೆಟ್ಟ ಭಾಗ ತೆಗೆಯುತ್ತಾರೆ. ಸಂಜೆಗೆ ಮನೆಗೆ ಬಂದರು. ನಾಲ್ಕು ವಾರ ಭಾರ ಎತ್ತಬಾರದು ಅಂದಿದ್ದರಿಂದ ಅತ್ತೆಗೆ ಬೆನ್ನು ನೋವು ಅಂತ ಹೇಳಿದ್ದಾರೆ. ಅತ್ತೆ ದಿನಾ ರಾತ್ರಿ ಎಳ್ಳೆಣ್ಣೆ ಬಿಸಿ ಮಾಡಿ ಬೆನ್ನಿಗೆ ತಿಕ್ಕುತ್ತಾರಂತೆ. ‘ಪಾಪ ಅನ್ನಿಸುತ್ತೆ ಮೇಡಂ. ಹೇಳಿಬಿಡ್ಲಾ ಅನ್ಸುತ್ತೆ, ಆಮೇಲೆ ಬೇಡ ಅನ್ಸುತ್ತೆ.’

ನಾನೇನೂ ಉಪದೇಶ ಮಾಡಲಿಲ್ಲ. ಕಾನೂನು ಏನು ಹೇಳುತ್ತದೆ ಎಂದು ಮಾತ್ರ ತಿಳಿಸಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಆಸ್ಪತ್ರೆಯವರು ಚಿಕಿತ್ಸೆ ನಿರಾಕರಿಸುವಂತಿಲ್ಲ. ಕಾನೂನಿನ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಆ ವಿಷಯವನ್ನು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಮನೆಯವರಿಗೆ ಹೇಳುವುದು ಬಿಡುವುದು ಅವರ ಇಷ್ಟ. ಟೆಸ್ಟ್ ಮಾಡುವ ವೈದ್ಯರಿಗೆ ಹೇಳಿದರೆ ಮಾತ್ರ ಲಾಭ ಅವರಿಗೇ. ಮೂರು ವರ್ಷವೋ ಐದು ವರ್ಷವೋ ಎಂಬುದು ಅದರ ಮೇಲೆ ನಿಂತಿದೆ.

ಬೇರೆ ಕ್ಯಾನ್ಸರ್‌ಗಳ ಬಗ್ಗೆಯೂ ಕೇಳಿದರು. ಚಿಕ್ಕದಾಗಿ ಹೇಳುತ್ತೇನೆ. ಎಚ್‌ಐವಿ ಇರುವವರಿಗೆ ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್ ಅಪಾಯವೂ ಹೆಚ್ಚು. ಅದನ್ನು ಮೊದಲೇ ಹಿಡಿಯುವ ರಕ್ತಪರೀಕ್ಷೆ ಇಲ್ಲ. ಕುತ್ತಿಗೆ, ಕಂಕುಳಲ್ಲಿ ಗಂಟು, ರಾತ್ರಿ ಬೆವರು, ಜ್ವರ, ತೂಕ ಇಳಿಯುವುದು ಇದರ ಲಕ್ಷಣ. ಟಿಬಿಗೂ ಇವೇ ಲಕ್ಷಣ, ಅಲ್ಲೇ ಎಡವಟ್ಟಾಗುವುದು. ಟಿಬಿ ಮಾತ್ರೆ ನುಂಗಿಯೂ ಗಂಟು ಕರಗದಿದ್ದರೆ ಬಯಾಪ್ಸಿ ಮಾಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಹೆಪಟೈಟಿಸ್ ಬಿ ಕೂಡ ಇದ್ದು ಲಿವರ್ ಗಟ್ಟಿಯಾಗಿರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಜೊತೆ ಎಎಫ್‌ಪಿ ಮಾಡುತ್ತಾರೆ. ಪ್ಯಾಕೇಜ್‌ನ ಆ ನಾಲ್ಕರಲ್ಲಿ ಇದೊಂದಕ್ಕೆ ಇಂಥವರಲ್ಲಿ ಅರ್ಥವಿದೆ. ಸ್ತನ ಕ್ಯಾನ್ಸರ್ ಎಚ್‌ಐವಿಯಿಂದ ಹೆಚ್ಚುವುದಿಲ್ಲ, ಆದರೆ ಬೆಂಗಳೂರಿನ ಹೆಂಗಸರಲ್ಲಿ ಈಗ ಅದೇ ಮೊದಲನೆಯದು, ಗರ್ಭಕಂಠದ್ದು ಎರಡನೆಯದು. 1982ರಲ್ಲಿ ಕಿದ್ವಾಯಿಯಲ್ಲಿ ನಗರದ ಕ್ಯಾನ್ಸರ್ ನೋಂದಣಿ ಶುರುವಾದಾಗ ಇದು ಉಲ್ಟಾ ಇತ್ತು.

ಕಿದ್ವಾಯಿ ಹೆಸರು ಬಂತಲ್ಲ, ಒಂದು ಮಾತು. ಬಿಟಿಎಂ, ಜಯನಗರ, ಬನಶಂಕರಿ ಕಡೆಯವರಿಗೆ ಡೇರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್ ಪಕ್ಕದಲ್ಲೇ ಈ ಆಸ್ಪತ್ರೆ. ‘ಅಲ್ಲಿಗೆ ಹೋದ್ರೆ ಕ್ಯಾನ್ಸರ್ ಬಂದಿದೆ ಅಂದ್ಕೋತಾರೆ’ ಎಂದು ಎಷ್ಟೋ ಜನ ಹಿಂಜರಿಯುತ್ತಾರೆ. 1973ರಿಂದ ಇರುವ ಆಸ್ಪತ್ರೆ, ತಪಾಸಣೆಗೆ ಹೋಗುವವರೂ ಇದ್ದಾರೆ. ಅದು ಬೇಡವೆಂದರೆ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಇದೆ. ಎಚ್‌ಐವಿ ಕುರಿತ ಯಾವುದೇ ಅನುಮಾನಕ್ಕೆ 1097 ನಂಬರ್‌ಗೆ ಉಚಿತವಾಗಿ ಫೋನ್ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ.

ಕೊನೆಯ ಸಲ ಅವರು ಫೋನ್ ಮಾಡಿದ್ದು ಮಗಳ ಬಗ್ಗೆ ಕೇಳಲು. ‘ಎಚ್‌ಪಿವಿ ಲಸಿಕೆ ಹಾಕಿಸ್ಬಹುದಾ? ಅವಳಿಗೆ ಆಗ್ಲೇ ಹತ್ತೊಂಬತ್ತು.’ ಹಾಕಿಸಬಹುದು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಂದಿದೆ, 9ರಿಂದ 26 ವಯಸ್ಸಿನವರಿಗೆ. ಮದುವೆಗೆ ಮೊದಲು ಹಾಕಿಸಿದರೆ ಲಾಭ ಹೆಚ್ಚು, ಹಾಕಿಸಿದರೂ 30ರ ನಂತರ ಟೆಸ್ಟ್ ಬಿಡುವಂತಿಲ್ಲ. ‘ಯಾಕೆ ಅಂತ ಅತ್ತೆ ಕೇಳಿದ್ರೆ?’ ಅಂದರು. ಕಾಲೇಜಿನಲ್ಲಿ ಎಲ್ಲರೂ ಹಾಕಿಸ್ಕೊಳ್ತಿದ್ದಾರೆ ಅನ್ನಿ ಎಂದೆ.

ಅವರ ಮುಂದಿನ ಟೆಸ್ಟ್ ಚಿಕಿತ್ಸೆಯಾಗಿ ಒಂದು ವರ್ಷಕ್ಕೆ. ಕೆಟ್ಟ ಭಾಗ ತೆಗೆದರೂ ಎಚ್‌ಐವಿ ಇರುವವರಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು, ಹಾಗಾಗಿ ಇದನ್ನು ತಪ್ಪಿಸುವಂತಿಲ್ಲ. ಮರೆಯದಿರಲು ಏನು ಮಾಡ್ತೀರಿ ಎಂದು ಕೇಳಿದೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಏಕಾದಶಿ, ಸಂಕಷ್ಟಿ ನೋಡುವುದು ಅತ್ತೆಯೇ, ಅದರಲ್ಲಿ ಬರೆಯುವ ಹಾಗಿಲ್ಲ. ಹೊಸ ವರ್ಷದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಬಂದ ದಿನವೇ ಆ ತಾರೀಖಿಗೆ ‘ಸೀರೆ ಫಾಲ್ಸ್’ ಅಂತ ಬರೆದಿಡ್ತೀನಿ ಅಂದರು.